ಅಂಗೈಯ ವ್ಯಾನ್, ರಸ್ತೆಯ ವ್ಯಾನ್

ಡೈ-ಕಾಸ್ಟ್ ಆಟಿಕೆ ವ್ಯಾನ್ ಎಂದರೆ ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ತೆಗೆದ ಪುಟ್ಟ ಬಂಡಿ. ಹಳೆಯ ವ್ಯಾನ್‌ಗಳ ಸಂಗ್ರಾಹಕರು ಹೆಚ್ಚಾಗಿ ಹುಡುಕುವುದು ಬ್ರಿಟನ್ನಿನ ಮೂರು ಹೆಸರುಗಳನ್ನು: ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯ ಡಿಂಕಿ, ಲಂಡನ್ನಿನ ಲೆಸ್ನಿ 1953ರಲ್ಲಿ ತಂದ ಮ್ಯಾಚ್‌ಬಾಕ್ಸ್, ಮೆಟಾಯ್ 1956ರಲ್ಲಿ ಆರಂಭಿಸಿದ ಕಾರ್ಗಿ.

ಆಟಿಕೆಯ ಜೊತೆಗೆ ಅದರ ಮೂಲವಾಹನವನ್ನೂ ಅರಸುವುದು ಈ ಹವ್ಯಾಸದ ಹೆಚ್ಚುಗಾರಿಕೆ. ನಿಜವಾದ ವ್ಯಾನ್ ದುಡಿಯುವ ಬಂಡಿ. ಸವೆಯುವ ತನಕ ಓಡಿಸಿ ಗುಜರಿಗೆ ಹಾಕುವುದೇ ವಾಡಿಕೆ. ಮಾಲೀಕ ಬದಲಾದರೆ ಮೈಮೇಲಿನ ಅಂಗಡಿಯ ಹೆಸರೂ ಅಳಿಯುತ್ತದೆ. ಆಟಿಕೆಯಲ್ಲಿ ಆ ಹೆಸರು ಉಳಿದಿದೆ. 1952ರಿಂದ 1969ರವರೆಗೆ ತಯಾರಾದ ಬೆಡ್‌ಫರ್ಡ್ ಸಿಎ ವ್ಯಾನನ್ನು ಡಿಂಕಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಕೊಡಕ್‌ಗೆ ಹಳದಿ, ಓವಲ್ಟೀನ್‌ಗೆ ನೀಲಿ ಬಣ್ಣ ಬಳಿಯಿತು. ಆ ಕಾಲದ ಬೀದಿ ಜಾಹೀರಾತಿನ ಬಣ್ಣವೂ ಅಕ್ಷರವೂ ಇಲ್ಲಿ ಅಂಗೈಗೆ ಸಿಗುತ್ತವೆ.

ಆದರೆ ಆಟಿಕೆಯ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. ಮ್ಯಾಚ್‌ಬಾಕ್ಸ್‌ನಲ್ಲಿ ಅಳತೆಯನ್ನು ನಿರ್ಧರಿಸಿದ್ದು ಆಟಿಕೆಯನ್ನು ಇಟ್ಟು ಮಾರುತ್ತಿದ್ದ ಡಬ್ಬಿ. ಹಾಗಾಗಿ 1957ರ ಫೋಕ್ಸ್‌ವ್ಯಾಗನ್ ವ್ಯಾನೂ ಲಂಡನ್ನಿನ ಎರಡಂತಸ್ತಿನ ಬಸ್ಸೂ ಗಾತ್ರದಲ್ಲಿ ನೆರೆಹೊರೆಯವು. ಬೆಡ್‌ಫರ್ಡ್‌ನಲ್ಲಿ ಪಕ್ಕಕ್ಕೆ ಸರಿಯುತ್ತಿದ್ದ ಬಾಗಿಲು ಡಿಂಕಿಯಲ್ಲಿ ಬರೀ ಗೀರು. ಕಾರ್ಗಿ ತನ್ನ ಬೆಡ್‌ಫರ್ಡ್‌ಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಕೂರಿಸಿದ್ದರಿಂದ ಮೂಲಕ್ಕೆ ಒಂದು ಹೆಜ್ಜೆ ಹತ್ತಿರವಾಯಿತು.

ಲೋಹಕ್ಕೂ ಆಯಸ್ಸಿದೆ. ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಎರಕ ಒಳಗಿಂದಲೇ ಉಬ್ಬಿ, ಬಿರುಕುಬಿಟ್ಟು, ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಈ ರೋಗ ಹೆಚ್ಚು, ಮದ್ದಿಲ್ಲ.

ಮಾರುಕಟ್ಟೆಯ ದೋಷ ಇನ್ನೊಂದು ಬಗೆಯದು. ಮೂಲ ಡಬ್ಬಿ ಇದ್ದರೆ ಬೆಲೆ ಏರುತ್ತದೆ, ಮಗು ಆಡಿದ ಗುರುತಿದ್ದರೆ ಇಳಿಯುತ್ತದೆ. ಲೆಸ್ನಿಯ ಜ್ಯಾಕ್ ಒಡೆಲ್ 1980ರ ದಶಕದಲ್ಲಿ, ತಮ್ಮ ಹೆಸರನ್ನೇ ತಿರುಗಿಸಿ, ಲೆಡೊ ಕಂಪನಿ ಕಟ್ಟಿದರು. ಅಲ್ಲಿ ಒಂದೇ ಹಳೇಕಾಲದ ವ್ಯಾನಿನ ಅಚ್ಚು ಲೆಕ್ಕವಿಲ್ಲದಷ್ಟು ಹೆಸರುಗಳನ್ನು ಹೊತ್ತು ಬಂತು. ಹಲವನ್ನು ಕೊಂಡವರು ದೊಡ್ಡವರು, ಅದೂ ಕೂಡಿಡಲೆಂದೇ. ಅಚ್ಚುಕಟ್ಟಿಗೆ ಕೊರತೆಯಿಲ್ಲ, ಆದರೆ ಬೀದಿಯ ಬಂಡಿಗೂ ಆಟಿಕೆಗೂ ಇದ್ದ ಸಮಕಾಲೀನ ನಂಟು ಅಲ್ಲಿಲ್ಲ.

ಆ ನಂಟು ಗಟ್ಟಿಯಾಗಿ ಕಾಣುವುದು ಭಾರತದ ಒಂದು ಉದಾಹರಣೆಯಲ್ಲಿ. ಬ್ರಿಟನ್ನಿನ ಸ್ಟ್ಯಾಂಡರ್ಡ್ ಅಟ್ಲಾಸ್ ವ್ಯಾನ್ ಮದರಾಸಿನ ಕಾರ್ಖಾನೆಯಲ್ಲಿ ‘ಸ್ಟ್ಯಾಂಡರ್ಡ್ 20’ ಆಯಿತು. ಅದೇ ಅಟ್ಲಾಸ್‌ನ ಡಿಂಕಿ ಅಚ್ಚು ಕಲ್ಕತ್ತಕ್ಕೆ ಬಂದು ‘ನಿಕ್ಕಿ’ ಆಟಿಕೆಯಾಯಿತು. ವಾಹನವೂ ಅದರ ಪಡಿಯಚ್ಚೂ ಬೇರೆ ಬೇರೆ ಬಂದರಿನಲ್ಲಿ ಇಳಿದು ಒಂದೇ ದೇಶದ್ದಾದವು. ಬಣ್ಣ ಹಾರಿದ ನಿಕ್ಕಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಿರಬಹುದು. ಜೋಡಿಸಿ ನೋಡುವ ಸಂಗ್ರಾಹಕನಿಗೆ ಅದು ಡಬ್ಬಿಯಿಂದ ಹೊರಬರದ ನೂರು ವ್ಯಾನ್‌ಗಳಿಗಿಂತ ಹೆಚ್ಚು ಹೇಳುತ್ತದೆ.