ಉಪಗ್ರಹಚಿತ್ರಗಳ ಪ್ರಾಮಾಣ್ಯವಿಚಾರ

ಸ್ಥಳಚರಿತ್ರೆಯ ಶೋಧನೆಗೆ ಶಾಸನ, ಕಾವ್ಯ, ಐತಿಹ್ಯಗಳು ಸಾಧನಗಳೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವುಗಳ ಸಾಲಿಗೆ ಉಪಗ್ರಹಗಳು ಅಂತರಿಕ್ಷದಿಂದ ತೆಗೆದ ಭೂಚಿತ್ರಗಳೂ ಈಗ ಸೇರಿವೆ. ಅವುಗಳಿಂದ ರಚಿತವಾದ ಭೂಪಟಗಳು ಸಂಶೋಧನ ಪ್ರಬಂಧಗಳಲ್ಲಿ ದಿನೇ ದಿನೇ ಹೆಚ್ಚುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಅನೇಕ ಪಟಗಳ ಕೆಳಗೆ ‘ಉಪಗ್ರಹಚಿತ್ರದ ಆಧಾರದಿಂದ’ ಎಂಬ ಒಂದು ಮಾತಲ್ಲದೆ ಬೇರೇನೂ ಇರುವುದಿಲ್ಲ. ಒಂದು ಕಾವ್ಯವನ್ನು ಸಂಪಾದಿಸಿದವನು ‘ಹಳೆಯ ಓಲೆಯ ಆಧಾರದಿಂದ’ ಎಂದಷ್ಟೇ ಬರೆದರೆ ಪಂಡಿತರು ಒಪ್ಪುವರೇ? ಓಲೆ ಯಾರದು, ಎಲ್ಲಿಯದು, ಯಾವ ಕಾಲದ್ದು, ಎಷ್ಟು ಗರಿ ಲುಪ್ತವಾಗಿದೆ ಎಂದು ಕೇಳದೆ ಬಿಡರು. ಉಪಗ್ರಹಚಿತ್ರವೂ ಒಂದು ಪ್ರತಿ. ಪ್ರತಿಗೆ ಸಲ್ಲುವ ಪರೀಕ್ಷೆ ಅದಕ್ಕೂ ಸಲ್ಲಬೇಕು.

ಸಾಮಗ್ರಿಗೆ ಕೊರತೆಯಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಸಂಗ್ರಹಿಸಿದ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಭಾರತದ ಮೊದಲ ಕಾರ್ಯೋಪಯೋಗಿ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರಲ್ಲಿ ಮೇಲೇರಿತು, ಕಾರ್ಟೊಸ್ಯಾಟ್-1 2005ರಲ್ಲಿ, ಇಸ್ರೋದ ‘ಭುವನ್’ ಭೂಪಟ 2009ರಲ್ಲಿ ತೆರೆಯಿತು. 2015ರಿಂದ ಐರೋಪ್ಯರ ಸೆಂಟಿನೆಲ್-2 ಚಿತ್ರಗಳೂ ಲಭ್ಯವಾಗಿವೆ. 1960ರಿಂದ 1972ರವರೆಗೆ ಅಮೆರಿಕವು ಗುಪ್ತವಾಗಿ ತೆಗೆಸಿದ ಕೊರೋನ ಚಿತ್ರಗಳ ಮುದ್ರೆ 1995ರಲ್ಲಿ ಒಡೆಯಿತು. ಕೊರತೆಯಿರುವುದು ಪರೀಕ್ಷೆಯಲ್ಲಿ. ವಿಜಯಪುರದಿಂದ ತಿಕೋಟಾ, ಬಬಲೇಶ್ವರ, ನಿಡೋಣಿಗಳವರೆಗಿನ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಮಾತು ವಿಶದವಾಗುವುದು.

ಮೊದಲನೆಯ ಪರೀಕ್ಷೆ ಕಾಲದ್ದು. ಈ ಎರೆನೆಲದ ಮುಖ್ಯವಾದ ಬೆಳೆ ಹಿಂಗಾರಿಯ ಬಿಳಿಜೋಳ. ಮೇ ತಿಂಗಳ ಚಿತ್ರದಲ್ಲಿ ಬರಿಯ ಕಪ್ಪುನೆಲವಾಗಿ ತೋರುವ ಹೊಲವೇ ಡಿಸೆಂಬರಿನ ಚಿತ್ರದಲ್ಲಿ ಹಸುರಾಗಿ ಕಾಣುವುದು. ಅವಕೆಂಪು ಕಿರಣಗಳನ್ನು ಬಳಸಿ ಕೃತಕವರ್ಣದಲ್ಲಿ ರಚಿಸಿದ ಚಿತ್ರದಲ್ಲಾದರೋ ಅದೇ ಪೈರು ಕೆಂಪಾಗಿ ಕಾಣುವುದು. ಇದನ್ನು ಅರಿಯದವನು ಎರೆಯ ಸೀಮೆಯನ್ನು ಕೆಮ್ಮಣ್ಣಿನ ಸೀಮೆಯೆಂದಾನು. ವರ್ಷಭೇದದ ಪರಿಣಾಮ ಇನ್ನೂ ಗಂಭೀರವಾದುದು. ಮಮದಾಪುರದಲ್ಲಿ ಆದಿಲಶಾಹಿ ಕಾಲದ ಕೆರೆಗಳಿವೆ. ಕೃಷ್ಣೆಯ ನೀರನ್ನು ಏತದಿಂದೆತ್ತಿ ಈ ಸೀಮೆಯ ಕೆರೆಗಳನ್ನು ತುಂಬಿಸುವ ಕಾರ್ಯವು ಇತ್ತೀಚಿನದು. ಹಾಗೆ ತುಂಬಿಸಿದ ಮೇಲಿನ ಬೇಸಗೆಯ ಚಿತ್ರವೊಂದನ್ನು ನೋಡಿ, ಹದಿನೇಳನೆಯ ಶತಮಾನದ ಕೆರೆಯೊಂದರಲ್ಲಿ ಮೇ ತಿಂಗಳಲ್ಲಿಯೂ ನೀರು ನಿಲ್ಲುತ್ತಿತ್ತೆಂದು ಬರೆದರೆ, ಲಿಪಿಕಾರನು ನಡುವೆ ಸೇರಿಸಿದ ಪದ್ಯವನ್ನು ಕವಿಯದೆಂದು ಎಣಿಸಿದಂತಾಗುವುದು. ಪ್ರಕ್ಷೇಪವು ಕಾವ್ಯಕ್ಕೆ ಮಾತ್ರವಲ್ಲ, ನೆಲಕ್ಕೂ ಉಂಟು. ಆಲಮಟ್ಟಿಯ ಜಲಾಶಯವು ತುಂಬುವ ಮುಂಚಿನ ಕೃಷ್ಣಾತೀರವನ್ನೂ ಹಳೆಯ ಬಾಗಲಕೋಟೆಯ ಪರಿಸರವನ್ನೂ ತಿಳಿಯಬೇಕಾದವರಿಗೆ 1970-80ರ ದಶಕಗಳ ಚಿತ್ರಗಳೇ ಶರಣ್ಯ. ಅವು ಸ್ಥೂಲವಾಗಿದ್ದರೂ ಮೂಲಕ್ಕೆ ಹತ್ತಿರವಾದ ಪ್ರತಿಗಳು. ಭೂಪಟದ ತಾಣಗಳಲ್ಲಿ ಕಾಣುವ ಅಖಂಡವಾದ ಹಾಸಂತೂ ಅನೇಕ ದಿನಗಳ ಚಿತ್ರಗಳನ್ನು ಹೊಲಿದು ಮಾಡಿದುದು. ಹಲವು ಓಲೆಗಳ ಪಾಠಗಳನ್ನು ಬೆರಸಿ, ಯಾವುದು ಯಾವ ಓಲೆಯದೆಂದು ಹೇಳದೆ ಅಚ್ಚುಹಾಕಿದ ಗ್ರಂಥದಂತೆ ಅದು ನೋಟಕ್ಕೆ ಸುಂದರ, ಪ್ರಮಾಣಕ್ಕೆ ದುರ್ಬಲ.

ಎರಡನೆಯದು ಸೂಕ್ಷ್ಮತೆಯ ಪರೀಕ್ಷೆ. ಚಿತ್ರವು ಪಿಕ್ಸೆಲ್ ಎಂಬ ಚೌಕಗಳಿಂದಾದುದು. ಚೌಕಕ್ಕಿಂತ ಕಿರಿದಾದುದು ಅದರಲ್ಲಿ ಸ್ಪಷ್ಟವಾಗಿ ಮೂಡದು. ವಿಜಯಪುರದ ಕೋಟೆಯ ಸುತ್ತಳತೆ ಸುಮಾರು 10 ಕಿಲೋಮೀಟರು. ಕಂದಕದ ಅಗಲ ಸುಮಾರು 12ರಿಂದ 15 ಮೀಟರು. ಲ್ಯಾಂಡ್‌ಸ್ಯಾಟಿನ 30 ಮೀಟರಿನ ಚೌಕದಲ್ಲಿ ಈ ಕಂದಕವು ಅರ್ಧವನ್ನೂ ತುಂಬದು. ಸೆಂಟಿನೆಲಿನ 10 ಮೀಟರಿನ ಚೌಕದಲ್ಲಿ ಒಂದು ಗೀಟಿನಂತೆ ತೋರೀತು. ಕಾರ್ಟೊಸ್ಯಾಟ್-1ರ ಎರಡೂವರೆ ಮೀಟರಿನ ಚೌಕಗಳಲ್ಲಿ ಮಾತ್ರ ಅದರ ಅಗಲವನ್ನು ಅಳೆಯಬಹುದು. ಆದುದರಿಂದ ‘ಚಿತ್ರದಲ್ಲಿ ಕಾಣಲಿಲ್ಲ, ಆದಕಾರಣ ಇಲ್ಲ’ ಎಂಬ ವಾದವು ಹೇತ್ವಾಭಾಸ. ಕಾಣತಕ್ಕ ಯೋಗ್ಯತೆಯಿರುವ ವಸ್ತು ಕಾಣದಿದ್ದಾಗ ಮಾತ್ರ ಅಭಾವವು ಸಿದ್ಧವಾಗುವುದೆಂದು ತಾರ್ಕಿಕರು ಹಿಂದೆಯೇ ನಿರ್ಣಯಿಸಿದ್ದಾರೆ.

ಮೂರನೆಯದು ಹೊಂದಿಕೆಯ ಪರೀಕ್ಷೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳು ಎವರೆಸ್ಟ್ ಎಂಬ ಭೂಗೋಳಮಾನವನ್ನು ಅನುಸರಿಸಿದರೆ, ಉಪಗ್ರಹಚಿತ್ರಗಳು ಸಾಮಾನ್ಯವಾಗಿ ಡಬ್ಲ್ಯುಜಿಎಸ್-84 ಎಂಬ ಮಾನವನ್ನು ಅನುಸರಿಸುತ್ತವೆ. ಪರಿವರ್ತಿಸದೆ ಒಂದರ ಮೇಲೊಂದನ್ನು ಹಾಸಿದರೆ ಸುಮಾರು ನೂರು ಮೀಟರಿನಷ್ಟು, ಇಲ್ಲವೆ ಅದಕ್ಕೂ ಮಿಗಿಲಾಗಿ ಪಲ್ಲಟವಾಗುವುದು. ಅಷ್ಟರಲ್ಲಿ ಹಳ್ಳದ ಈಚೆಯ ಗುಡಿ ಆಚೆಯ ದಡಕ್ಕೆ ಹೋಗಿರುತ್ತದೆ.

ಇಷ್ಟೆಲ್ಲ ಶುದ್ಧಿಯಾದ ಮೇಲೂ ಉಳಿಯುವ ಮಿತಿಯೊಂದುಂಟು. ಚಿತ್ರವು ರೂಪವನ್ನು ಹೇಳುವುದು, ನಾಮವನ್ನು ಹೇಳದು. ವಿಜಯಪುರದ ಪಶ್ಚಿಮಕ್ಕಿರುವ ತೊರವೆಯ ಬಳಿ ಇಮ್ಮಡಿ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಗೆಡವಿದನು. ಮುರಿದ ಗೋಡೆಯ ಗೆರೆಯನ್ನು ಚಿತ್ರವು ತೋರಿಸಬಲ್ಲುದು. ಆದರೆ ಅದು ಸಂಗೀತಪ್ರಿಯನಾದ ಆ ಅರಸನ ಪುರವೆಂದು ಹೇಳುವುದು ಚರಿತ್ರೆ. ಅದೇ ನೆಲವು ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರಿತ್ತ ತೊರವೆಯೆಂದು ಹೇಳುವುದು ಸಾಹಿತ್ಯ. ನಿಡೋಣಿಯ ಹೆಸರೂ ಇಂಥದೇ. ‘ನಿಡು’ ಎಂಬುದು ‘ಓಣಿ’ಯೊಡನೆ ಸೇರಿದರೆ ಲೋಪಸಂಧಿಯಿಂದ ನಿಡೋಣಿಯಾಗುವುದು, ಅರ್ಥ ಉದ್ದನೆಯ ಓಣಿ, ‘ನಿಡು ಡೋಣಿ’ ಎಂಬುದರಲ್ಲಿ ಒಂದು ಡಕಾರವು ಲೋಪಿಸಿದರೂ ಅದೇ ರೂಪವಾಗುವುದು, ಆಗ ಈ ಸೀಮೆಯಲ್ಲಿ ಹರಿಯುವ ಡೋಣಿ ಹೊಳೆಯ ನೆನಪು ಬರುವುದು. ಹೊಳೆಯ ಜಾಡು ಎಲ್ಲಿ, ಹಿಂದೆ ಅದು ಎಲ್ಲಿ ಹೊರಳಿತ್ತು ಎಂಬುದನ್ನು ಚಿತ್ರವು ತೋರಿಸಿ ಒಂದು ಪಕ್ಷಕ್ಕೆ ಬಲ ಕೊಡಬಹುದು; ನಿರ್ಣಯವು ಮಾತ್ರ ಶಾಸನದಲ್ಲಿಯೂ ಹಳೆಯ ದಫ್ತರಗಳಲ್ಲಿಯೂ ಸಿಕ್ಕುವ ಪ್ರಾಚೀನ ರೂಪದಿಂದಲೇ ಆಗತಕ್ಕುದು.

ಚಿತ್ರವು ಯಂತ್ರಕೃತವಾದುದರಿಂದ ಪಕ್ಷಪಾತವಿಲ್ಲದ್ದು, ಅದಕ್ಕೆ ಪಾಠಪರಿಷ್ಕಾರದ ನಿಯಮಗಳೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬುದು ದಿಟ. ಆದರೆ ಮೋಡವಿಲ್ಲದ ದಿನವನ್ನು ಆರಿಸಿದವನು, ಬಣ್ಣವನ್ನು ಕೂಡಿಸಿದವನು, ಗೆರೆಯನ್ನು ಗೋಡೆಯೆಂದು ಓದಿದವನು ಮನುಷ್ಯನೇ. ಗೆರೆಯು ಗೋಡೆಯೋ ಕಾಲುವೆಯೋ ಹೊಲದ ಬದುವೋ ಎಂಬುದನ್ನು ನೆಲದ ಮೇಲೆ ನಡೆದು ನೋಡಿದವನೇ ಹೇಳಬಲ್ಲನು. ಆ ಹೊಲವನ್ನು ಉಳುವ ರೈತನ ಮಾತು ಅಲ್ಲಿ ಆಪ್ತವಾಕ್ಯ.

ಆದುದರಿಂದ ಚಿತ್ರಾಧಾರದಿಂದ ಭೂಪಟವನ್ನು ರಚಿಸುವವರು ಉಪಗ್ರಹದ ಹೆಸರು, ತೆಗೆದ ದಿನಾಂಕ, ಚೌಕದ ಅಳತೆ, ಭೂಗೋಳಮಾನ, ಚಿತ್ರವು ದೊರೆತ ಸಂಗ್ರಹ, ನೆಲದ ಮೇಲೆ ಪರೀಕ್ಷಿಸಿದ ಸ್ಥಳಗಳು ಎಂಬ ಆರನ್ನು ಪಟದ ಕೆಳಗೆ ಬರೆಯುವುದು ಅವಶ್ಯ. ಓಲೆಯ ಕೊನೆಯಲ್ಲಿ ಲಿಪಿಕಾರನು ಬರೆಯುತ್ತಿದ್ದ ಪುಷ್ಪಿಕೆಯಂತೆ ಇದು ಕೆಲವೇ ಪಂಕ್ತಿಗಳ ಕೆಲಸ. ಈ ಪಂಕ್ತಿಗಳಿದ್ದರೆ ಮುಂದಿನ ಸಂಶೋಧಕನು ಅದೇ ಚಿತ್ರವನ್ನು ತರಿಸಿ, ಹಿಂದಿನವನ ಓದನ್ನು ಒಪ್ಪಬಹುದು ಇಲ್ಲವೆ ತಿದ್ದಬಹುದು. ಅವಿಲ್ಲದ ಪಟವನ್ನು ನಂಬಬಹುದೇ ಹೊರತು ಪರೀಕ್ಷಿಸಲಾಗದು. ಪರೀಕ್ಷೆಗೆ ಒಳಪಡದುದಕ್ಕೆ ಶಾಸ್ತ್ರದಲ್ಲಿ ಸ್ಥಾನವಿಲ್ಲ.