ಮಧುಮೇಹದ ಆರೈಕೆ ಮತ್ತು ವೈದ್ಯಶಿಕ್ಷಣ: ರಾಮನಗರ ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನದಂತೆ, ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ ೧೦ ಕೋಟಿಯನ್ನು ಮೀರಿದೆ. ಇವರೆಲ್ಲರಿಗೂ ತಜ್ಞರು ದೊರೆಯುವುದು ಅಸಾಧ್ಯವಾದುದರಿಂದ, ಆರೈಕೆಯ ಭಾರವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಲೆಯೇ ಬೀಳುತ್ತದೆ. ಅವರಿಗೆ ಎಂತಹ ಶಿಕ್ಷಣ ಸಲ್ಲಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ದಿಶೆಯಲ್ಲಿ, ಪಬ್ಲಿಕ್ ಹೆಲ್ತ್ ಫೌಂಡೇಷನ್ ಆಫ್ ಇಂಡಿಯಾ ಮತ್ತು ಚೆನ್ನೈನ ಡಾ. ಮೋಹನ್ಸ್ ಡಯಾಬಿಟಿಸ್ ಎಜುಕೇಷನ್ ಅಕಾಡೆಮಿ ಕೂಡಿ ೨೦೧೦ರಲ್ಲಿ ಆರಂಭಿಸಿದ ಸರ್ಟಿಫಿಕೇಟ್ ಶಿಕ್ಷಣಕ್ರಮವು ಗಣನೀಯವಾದುದು. ಪಾಠಗಳು ತಿಂಗಳಿಗೊಮ್ಮೆ ಭಾನುವಾರ ನಡೆಯುವ ಏರ್ಪಾಡಿನಿಂದ ವೈದ್ಯರು ತಮ್ಮ ರೋಗಿಗಳನ್ನು ಬಿಟ್ಟು ಹೋಗಬೇಕಾಗಿಲ್ಲ. ಇದು ಅದರ ಹಿರಿಯ ಗುಣ. ಆದರೆ ವೈದ್ಯರ ತಿಳಿವಳಿಕೆ ಹೆಚ್ಚಿದ ಮಾತ್ರಕ್ಕೆ ರೋಗಿಯ ಆರೈಕೆ ಸುಧಾರಿಸಿತೆಂದು ಹೇಳಲಾಗದು. ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಒಂದು, ಬರಿಗಾಲಿನಲ್ಲಿ ಹೊಲಕ್ಕೆ ಹೋಗುವ ಮಾಗಡಿಯ ರೈತನ ಪಾದದ ಸ್ಪರ್ಶಜ್ಞಾನವನ್ನು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷಿಸುವುದು ಮತ್ತೊಂದು.

ಇಲ್ಲಿ ನಾವು ಸ್ಥಳೀಯ ಇತಿಹಾಸವನ್ನು ನೆನೆಯುವುದು ಉಚಿತ. ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿ, ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ೧೯೩೦ರ ದಶಕದಲ್ಲಿ ಗ್ರಾಮಾಂತರ ಆರೋಗ್ಯ ಕೇಂದ್ರವನ್ನು ನಡೆಸಿ, ಆರೋಗ್ಯ ಸಿಬ್ಬಂದಿಗೆ ಸುತ್ತಣ ಹಳ್ಳಿಗಳಲ್ಲಿಯೇ ತರಬೇತಿ ಕೊಡಿಸಿತು. ಹಳ್ಳಿಯೇ ಪಾಠಶಾಲೆ ಎಂಬ ಆ ತತ್ತ್ವ ಇಂದಿಗೂ ಸ್ವೀಕಾರಾರ್ಹ. ಆದರೆ ಅದನ್ನು ಹಾಗೆಯೇ ಎತ್ತಿಕೊಳ್ಳುವುದು ಸಾಧುವಲ್ಲ. ದೇವಿ ಹಾಕುವುದು ಒಂದು ದಿನದ ಕೆಲಸವಾಗಿತ್ತು. ಮಧುಮೇಹದ ಆರೈಕೆ ರೋಗಿಯ ಜೀವಮಾನವೆಲ್ಲ ನಡೆಯತಕ್ಕದ್ದು.

ಆದ್ದರಿಂದ ಶಿಕ್ಷಣವು ಊರಿನ ಬದುಕನ್ನು ಬಲ್ಲದ್ದಾಗಿರಬೇಕು. ಅನ್ನ ಬಿಟ್ಟು ಮುದ್ದೆ ಉಣ್ಣಿರೆಂದರೆ ಸಾಲದು. ರಾಗಿಯೂ ಪಿಷ್ಟಧಾನ್ಯವೇ ಆದುದರಿಂದ ಮುದ್ದೆಯ ಗಾತ್ರವನ್ನೂ ಹೇಳಬೇಕು. ಕನಕಪುರದ ರೇಷ್ಮೆ ಕೃಷಿಕನಿಗೆ ಹುಳು ಹಣ್ಣಾಗುವ ದಿನಗಳಲ್ಲಿ, ಚನ್ನಪಟ್ಟಣದ ಗೊಂಬೆ ಕೆಲಸಗಾರನಿಗೆ ಕೂಲಿಯ ದಿನದಲ್ಲಿ, ಆಸ್ಪತ್ರೆಗೆ ಬರುವುದೇ ನಷ್ಟ. ಬಾರದವನನ್ನು ಅಲಕ್ಷ್ಯಗಾರನೆಂದು ಜರೆಯದೆ, ಅವನ ಹೆಸರನ್ನು ದಾಖಲೆಪುಸ್ತಕದಲ್ಲಿ ಗುರುತಿಸಿ, ಆಶಾ ಕಾರ್ಯಕರ್ತೆಯ ಮೂಲಕ ಹುಡುಕಿಸುವುದನ್ನು ವೈದ್ಯರು ಕಲಿಯಬೇಕು. ದಾದಿಯೂ ಔಷಧ ವಿತರಕರೂ ಅದೇ ತರಗತಿಯಲ್ಲಿ ಕೂರಬೇಕು.

ಹೀಗೆ ನೋಡಿದರೆ, ಎಷ್ಟು ವೈದ್ಯರು ಪ್ರಮಾಣಪತ್ರ ಪಡೆದರೆಂಬುದು ಗೌಣ. ಕಳೆದ ವರ್ಷ ಬಂದ ರೋಗಿಗಳಲ್ಲಿ ಎಷ್ಟು ಮಂದಿ ಈ ವರ್ಷವೂ ಬಂದರು, ಎಷ್ಟು ಮಂದಿಯ ಕಣ್ಣು, ಪಾದ, ಮೂತ್ರಪಿಂಡಗಳ ಪರೀಕ್ಷೆ ನಡೆಯಿತು ಎಂಬುದೇ ಈ ಶಿಕ್ಷಣದ ನಿಜವಾದ ಒರೆಗಲ್ಲೆಂದು ನಾವು ಭಾವಿಸುತ್ತೇವೆ.