ಬಾರ್ಬರಾ ಸ್ಟ್ಯಾನ್‌ವಿಕ್ ಸುಮ್ಮನಿದ್ದಾಗ

ಹಳೆಯ ಹಾಲಿವುಡ್ಡಿನ ತಾರೆಯರ ಮಾತು ಬಂದರೆ ಗ್ರೇಟಾ ಗಾರ್ಬೊಳ ಚೆಲುವು, ಕ್ಯಾಥರೀನ್ ಹೆಪ್‌ಬರ್ನಳ ಮಾತಿನ ಚುರುಕು ಎಲ್ಲರಿಗೂ ನೆನಪಾಗುತ್ತವೆ. ನನಗೆ ಮಾತ್ರ ಇವರೆಲ್ಲರಿಗಿಂತ ದೊಡ್ಡವಳು ಬಾರ್ಬರಾ ಸ್ಟ್ಯಾನ್‌ವಿಕ್. ಮಾತು ಬೇರೆಯವರದಾದರೂ ದೃಶ್ಯವನ್ನು ತನ್ನದಾಗಿಸಿಕೊಳ್ಳುವ ಶಕ್ತಿ ಆಕೆಗಿತ್ತು.

‘ಡಬಲ್ ಇಂಡೆಮ್ನಿಟಿ’ (1944) ಚಿತ್ರದ ಕೊಲೆಯನ್ನೇ ನೋಡಿ. ವಿಮೆಯ ಹಣಕ್ಕಾಗಿ ಗಂಡನನ್ನು ಮುಗಿಸಲು ಹೊರಟ ಫಿಲಿಸ್ ಕಾರು ಓಡಿಸುತ್ತಿದ್ದಾಳೆ. ಪಕ್ಕದಲ್ಲಿ ಗಂಡ, ಹಿಂದಿನ ಸೀಟಿನ ಮರೆಯಲ್ಲಿ ಪ್ರಿಯಕರ. ಕತ್ತಲ ಬೀದಿಗೆ ತಿರುಗಿ ಆಕೆ ಮೂರು ಸಲ ಹಾರ್ನ್ ಒತ್ತುತ್ತಾಳೆ. ಅದೇ ಸನ್ನೆ. ಕೊಲೆಯ ವಿವರಗಳನ್ನು ತೋರಿಸಲು ಆಗಿನ ಹಾಲಿವುಡ್ಡಿನ ನಿಯಮಾವಳಿ ಬಿಡುತ್ತಿರಲಿಲ್ಲ. ನಿರ್ದೇಶಕ ಬಿಲ್ಲಿ ವೈಲ್ಡರ್ ಕ್ಯಾಮೆರಾವನ್ನು ಸ್ಟ್ಯಾನ್‌ವಿಕ್ ಮುಖದ ಮೇಲಿಟ್ಟು ಅಲ್ಲೇ ನಿಲ್ಲಿಸಿಬಿಟ್ಟ. ಪಕ್ಕದಲ್ಲಿ ಒಂದು ಜೀವ ಒದ್ದಾಡುತ್ತಿದೆ. ಆಕೆಯ ನೋಟ ಮಾತ್ರ ರಸ್ತೆಯಿಂದ ಕದಲುವುದಿಲ್ಲ. ಆ ಕಣ್ಣುಗಳಲ್ಲಿ ಭಯವಿಲ್ಲ, ಬಹಳ ದಿನದಿಂದ ಕಾದಿದ್ದು ಕೈಗೂಡಿದ ತೃಪ್ತಿ ಇದೆ. ಈ ಪಾತ್ರಕ್ಕೆ ಆಕೆ ತೊಟ್ಟ ಹೊಂಬಣ್ಣದ ವಿಗ್ ನೋಡಿ ಸ್ಟುಡಿಯೊದ ದೊಡ್ಡ ಅಧಿಕಾರಿಯೊಬ್ಬರಿಗೆ ಜಾರ್ಜ್ ವಾಷಿಂಗ್ಟನ್ ನೆನಪಾಗಿದ್ದನಂತೆ. ಈ ದೃಶ್ಯದಲ್ಲಿ ವಿಗ್ಗಿನ ಕಡೆ ಯಾರ ಕಣ್ಣು ಹೋದೀತು?

ಈಕೆಯ ಮೊದಲ ಹೆಸರು ರೂಬಿ ಸ್ಟೀವನ್ಸ್. 1907ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಮಗು ನಾಲ್ಕನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡಿತು. ತಂದೆ ಪನಾಮಾ ಕಾಲುವೆಯ ಕೆಲಸಕ್ಕೆಂದು ಹೊರಟುಹೋದ. ಪರರ ಮನೆಗಳಲ್ಲಿ ಬೆಳೆದ ಹುಡುಗಿ ಹದಿಹರೆಯದಲ್ಲೇ ನ್ಯೂಯಾರ್ಕಿನ ರಂಗಮಂದಿರಗಳಲ್ಲಿ ಗುಂಪು ನರ್ತಕಿಯಾದಳು. ನಟನಾ ಶಾಲೆಯ ಪಾಠ ಆಕೆಗೆ ಸಿಗಲಿಲ್ಲ. ‘ಲೇಡೀಸ್ ಆಫ್ ಲೀಷರ್’ (1930) ತೆಗೆಯುವಾಗ ನಿರ್ದೇಶಕ ಫ್ರ್ಯಾಂಕ್ ಕಾಪ್ರಾಗೆ ಒಂದು ಸಂಗತಿ ಹೊಳೆಯಿತು: ಆಕೆ ಮೊದಲ ಟೇಕಿನಲ್ಲೇ ತನ್ನಲ್ಲಿರುವುದನ್ನೆಲ್ಲ ಸುರಿದುಬಿಡುತ್ತಾಳೆ, ಆಮೇಲಿನದು ಸಪ್ಪೆ. ಹಾಗಾಗಿ ಆತ ಆಕೆಯನ್ನು ಬಿಟ್ಟು ಉಳಿದವರಿಗೆ ತಾಲೀಮು ಮಾಡಿಸಿ, ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು ಆ ಮೊದಲ ಸಲವನ್ನೇ ಹಿಡಿಯತೊಡಗಿದ. ನಟಿಯೊಬ್ಬಳಿಗಾಗಿ ನಿರ್ದೇಶಕ ತನ್ನ ಕೆಲಸದ ಕ್ರಮವನ್ನೇ ಬದಲಿಸುವುದು ಸಣ್ಣ ಮಾತಲ್ಲ.

‘ಸ್ಟೆಲ್ಲಾ ಡಲ್ಲಾಸ್’ (1937) ಕೊನೆಯಲ್ಲಿ ಮಗಳ ಮದುವೆಯನ್ನು ಮಳೆಯಲ್ಲಿ, ಬೀದಿಯಲ್ಲಿ ನಿಂತು ಕಿಟಕಿಯಿಂದ ನೋಡುವ ತಾಯಿ ಇದ್ದಾಳೆ. ಬಾಯಲ್ಲಿ ಕಚ್ಚಿದ ಕರವಸ್ತ್ರ. ಇಂಥ ಕಡೆ ಬೇರೆ ನಟಿಯಾಗಿದ್ದರೆ ಗೋಳಾಡಿಬಿಡುತ್ತಿದ್ದಳು. ಸ್ಟ್ಯಾನ್‌ವಿಕ್ ಅಳುವಿನೊಳಗಿನಿಂದಲೇ ಹೆಮ್ಮೆಯನ್ನು ಹೊರತೆಗೆಯುತ್ತಾಳೆ. ಪೊಲೀಸಿನವನು ಅಲ್ಲಿಂದ ಕಳಿಸಿದ ಮೇಲೆ ಕ್ಯಾಮೆರಾದತ್ತ ನಡೆದುಬರುವ ಆ ನಗುಮುಖಕ್ಕೆ ಆಸ್ಕರ್ ಬರಲಿಲ್ಲ. ನಾಲ್ಕು ಸಲ ನಾಮನಿರ್ದೇಶನ, ನಾಲ್ಕು ಸಲವೂ ಬರಿಗೈ. ಈ ಅನ್ಯಾಯವನ್ನು ನಾನಿನ್ನೂ ಒಪ್ಪಿಕೊಂಡಿಲ್ಲ.

‘ಗೋಲ್ಡನ್ ಬಾಯ್’ (1939) ಚಿತ್ರದ ಹೊಸ ಹುಡುಗ ವಿಲಿಯಂ ಹೋಲ್ಡನ್‌ನನ್ನು ತೆಗೆದುಹಾಕಲು ಸ್ಟುಡಿಯೊ ಹೊರಟಾಗ ಅಡ್ಡ ನಿಂತವಳು ಇದೇ ಸ್ಟ್ಯಾನ್‌ವಿಕ್. 1978ರ ಆಸ್ಕರ್ ಸಮಾರಂಭದಲ್ಲಿ ಇಬ್ಬರೂ ಪ್ರಶಸ್ತಿ ಕೊಡಲು ವೇದಿಕೆಗೆ ಬಂದಾಗ, ಹೋಲ್ಡನ್ ಇದ್ದಕ್ಕಿದ್ದಂತೆ ಆ ಹಳೆಯ ಋಣವನ್ನು ಸಭೆಯೆದುರು ನೆನೆದ. ಅಂದೂ ಆಕೆಯ ಪಾಲಿಗೆ ಬಂದದ್ದು ಕೇಳಿಸಿಕೊಳ್ಳುವ ಕೆಲಸವೇ. 1982ರಲ್ಲಿ ಗೌರವ ಆಸ್ಕರ್ ಬಂದಾಗ ಹೋಲ್ಡನ್ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಆಕೆಗೊಂದು ಆಸ್ಕರ್ ಬರಲೆಂದು ಹಂಬಲಿಸಿದ್ದ ಗೆಳೆಯನನ್ನು ಆಕೆ ವೇದಿಕೆಯಲ್ಲಿ ಮರೆಯಲಿಲ್ಲ.

ಆಕೆಯನ್ನು ಹೊಸದಾಗಿ ನೋಡುವವರು ಪ್ರೆಸ್ಟನ್ ಸ್ಟರ್ಜೆಸ್‌ನ ‘ದ ಲೇಡಿ ಈವ್’ (1941)ನಿಂದ ಶುರುಮಾಡಿ. ಹಡಗಿನಲ್ಲಿ ಇಸ್ಪೀಟು ಆಡಿ ಶ್ರೀಮಂತರನ್ನು ವಂಚಿಸುವ ಹುಡುಗಿ, ಹಾವುಗಳ ಹುಚ್ಚು ಹಿಡಿದ ಹೆನ್ರಿ ಫೊಂಡಾನ ತಲೆಗೂದಲಲ್ಲಿ ಕೈಯಾಡಿಸುತ್ತ ಮಾತಾಡುವ ಭಾಗವನ್ನು ತುಂಡರಿಸದೆ ಒಂದೇ ಉದ್ದ ಟೇಕಿನಲ್ಲಿ ತೆಗೆಯಲಾಗಿದೆ. ಮೊದಲ ಸಲ ನಗುತ್ತ ನೋಡಿಬಿಡಿ. ಎರಡನೆಯ ಸಲ ಆಕೆ ಮಾತು ನಿಲ್ಲಿಸಿದ ಕಡೆಗಳನ್ನಷ್ಟೇ ಗಮನಿಸಿ. ವಂಚಿಸಲು ಬಂದವಳು ಎಲ್ಲಿ ಸೋತಳೆಂಬುದು ಅಲ್ಲಿ ಗೊತ್ತಾಗುತ್ತದೆ.